ಸನ್ನೆಗೋಲಿಗೆ ಭಾರ ಬೇಕಾಗಿದೆ

ಹಿರೊಸಾಕಿ
೧೨ ಫೆಬ್ರವರಿ ೨೦೧೪

ಉಮೆತ್ಸು ಕಿನುಯೊ ಸಾನ್ ಅವರಿಗೆ,

ನನ್ನ ಹೆಸರು ಕಸಾಯ್ ಯೋಹೆ. ವಯಸ್ಸು ನಲವತ್ತಮೂರು. ನಿಮ್ಮನ್ನು ನಾನು ಕಂಡಿಲ್ಲ, ನನ್ನನ್ನು ನೀವು ಕಂಡಿಲ್ಲ. ಪತ್ರದ ಆರಂಭದಲ್ಲಿ ಹವೆಯ ವಿಚಾರ ಬರೆಯಬೇಕಂತೆ. ಇಲ್ಲಿ ಹಿಮ ಬೀಳುತ್ತಿದೆ. ಫೆಬ್ರವರಿಯಲ್ಲಿ ನಮ್ಮ ಉತ್ತರದ ಕಡೆ ಇನ್ನೇನು ಬೀಳಬೇಕು? ನೇರ ವಿಷಯಕ್ಕೆ ಬರುತ್ತೇನೆ.

ಮೊನ್ನೆ ನಿಮ್ಮ ಮನೆಯ ಸುಗುಕಿ ತಿಂದೆ. ಪಕ್ಕದ ಮನೆಯ ಹಲ್ಲಿನ ಡಾಕ್ಟರ ಹೆಂಡತಿ ಸೊನೊಬೆ ಸಾನ್ ನಿಮ್ಮ ಕ್ಯೋತೊದವರು. ತವರಿನಿಂದ ಬಂದ ಉಪ್ಪಿನಕಾಯಿಯ ಪೊಟ್ಟಣದಲ್ಲಿ ಅರ್ಧ ನಮಗೆ ಕೊಟ್ಟರು. ಒಂದು ಚೂರು ಬಾಯಿಗಿಟ್ಟು ಹಲ್ಲಿನ ಡಾಕ್ಟರಿಗೇ ಹಲ್ಲು ಜುಮ್ಮೆಂದಿತಂತೆ. ನಾನು ಬಿಸಿ ಅನ್ನದ ಜೊತೆ ತಿಂದೆ. ಮೊದಲ ತುತ್ತಿಗೆ ಮುಖ ಕಿವುಚಿದೆ, ಎರಡನೆಯದಕ್ಕೆ ಸುಮ್ಮನಾದೆ, ಮೂರನೆಯದಕ್ಕೆ ಅಮ್ಮನ ತಟ್ಟೆಗೆ ಕೈ ಹಾಕಿದೆ. ಬರೀ ಟರ್ನಿಪ್ ಜಾತಿಯ ಗಡ್ಡೆ, ಉಪ್ಪು, ಮೇಲೊಂದಿಷ್ಟು ಕಲ್ಲಿನ ಭಾರ, ಅಷ್ಟರಿಂದಲೇ ಇಷ್ಟು ಹುಳಿ ಬರುತ್ತದೆ ಎಂದು ಸೊನೊಬೆ ಸಾನ್ ಹೇಳಿದಾಗ ನಂಬಲಿಲ್ಲ.

ನಾನು ಇಪ್ಪತ್ತು ವರ್ಷ ಟೋಕಿಯೋದಲ್ಲಿ ಜಾಹೀರಾತಿನ ಸಾಲು ಬರೆದವನು. ಡಬ್ಬಿಯ ಕಾಫಿ, ಶಾಂಪೂ, ಜೀವ ವಿಮೆ, ಸಿಕ್ಕಿದ್ದಕ್ಕೆಲ್ಲ ಬರೆದೆ. ಒಂದು ಸಲ ರಜೆಗೆ ಬಂದಾಗ ಅಮ್ಮ ಆ ಕಾಫಿಯ ಡಬ್ಬಿ ಒಡೆದು, ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ಬಚ್ಚಲಿಗೆ ಚೆಲ್ಲಿದಳು. "ನೀ ಬರದದ್ದು ಚಲೋ ಅದಪಾ. ಕಾಫಿ ಚಲೋ ಇಲ್ಲ" ಅಂದಳು. ಅವಳು ಬೈಯಲೂ ಇಲ್ಲ. ಹೋದ ವರ್ಷ ಕೆಲಸ ಬಿಟ್ಟು ಊರಿಗೆ ಬಂದೆ. ಕಂಪನಿಯವರು ಒಳ್ಳೆಯವರು, ಜುಲೈ ಕೊನೆಯ ತನಕ ನನ್ನ ಕುರ್ಚಿ ಖಾಲಿ ಇಟ್ಟಿರುತ್ತಾರಂತೆ. ಅಷ್ಟರೊಳಗೆ ಬಚ್ಚಲಿಗೆ ಚೆಲ್ಲಲಾಗದ ಒಂದೇ ಒಂದು ಪದಾರ್ಥಕ್ಕಾಗಿ ದುಡಿಯಬೇಕು ಎಂಬುದು ನನ್ನ ಆಸೆ. ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಶಾಂಪೂವಿಗೆ ಮರಳುತ್ತೇನೆ.

ನಿಮ್ಮ ಪೊಟ್ಟಣದ ಮೇಲೆ ಮನೆಯ ಹೆಸರು ಬಿಟ್ಟರೆ ಏನೂ ಇಲ್ಲ. ಇಂಥ ರುಚಿಗೆ ಇಷ್ಟು ಮೌನ ಅನ್ಯಾಯ. ನಿಮ್ಮ ಸುಗುಕಿಯ ಮಾತನ್ನು ನಾನು ಜನರಿಗೆ ಮುಟ್ಟಿಸಲೇ? ಆಗುತ್ತದೆ, ಇಲ್ಲ, ಎರಡರಲ್ಲಿ ಒಂದು ಹೇಳಿ.

ಕಸಾಯ್ ಯೋಹೆ


ಕಮಿಗಾಮೊ, ಕ್ಯೋತೊ
೩ ಮಾರ್ಚ್ ೨೦೧೪

ಕಸಾಯ್ ಸಾನ್ ಅವರ ಸನ್ನಿಧಿಗೆ,

ಹೊಳೆಯ ದಡದಲ್ಲಿ ಪ್ಲಮ್ ಹೂ ಉದುರಿ, ಬೆಳಗಿನ ನೀರು ಕೈಗೆ ಅಷ್ಟೊಂದು ಕೊರೆಯದ ಕಾಲ ಬಂದಿದೆ. ತಮ್ಮ ಕಡೆ ಹಿಮ ಇನ್ನೂ ಎತ್ತರವಾಗಿಯೇ ಇರಬಹುದೆಂದು ಊಹಿಸುತ್ತೇನೆ. ತಾವೂ ತಮ್ಮ ತಾಯಿಯವರೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ.

ನಮ್ಮಂಥ ಮೂಲೆಯ ಮನೆಯ ಗಡ್ಡೆಯನ್ನು ತಮ್ಮಂಥ ದೊಡ್ಡ ಕೆಲಸ ಮಾಡಿದವರು ರುಚಿ ನೋಡಿ, ಅದರ ಮೇಲೆ ಅಷ್ಟು ಉದ್ದದ ಪತ್ರವನ್ನೂ ಬರೆದದ್ದು ನಮ್ಮ ಯೋಗ್ಯತೆಗೆ ಮೀರಿದ್ದು. ತಮ್ಮ ತಮಾಷೆಯ ಮಾತುಗಳನ್ನು ನನ್ನ ತಮ್ಮ ತೊಕುಜೊನಿಗೆ ಓದಿ ಹೇಳಿದೆ, ಅವನು ಬಹಳ ನಕ್ಕ. ಇಷ್ಟು ನೇರವಾಗಿ ಬರೆಯುವ ಕಲೆ ನಮ್ಮ ಊರಿನಲ್ಲಿ ಕಾಣಸಿಗದು.

ತಾವು ಹೇಳಿದ ವಿಚಾರವನ್ನು ಯೋಚನೆ ಮಾಡಿಟ್ಟಿರುತ್ತೇನೆ. ಈ ಕಡೆ ಎಂದಾದರೂ ಬಂದಾಗ ಖಂಡಿತವಾಗಿ ನಮ್ಮ ಮನೆಗೆ ಬನ್ನಿ.

ಚಳಿ ಹೋಗಿ ಬಿಸಿಲು ಬರುವ ಸಂಧಿಕಾಲ, ಮೈ ಜೋಪಾನ.

ಉಮೆತ್ಸು ಕಿನುಯೊ


ಹಿರೊಸಾಕಿ
೯ ಮಾರ್ಚ್

ಉಮೆತ್ಸು ಸಾನ್,

ನಿಮ್ಮ ಪತ್ರ ಓದಿ ಹಿಮದಲ್ಲೇ ಎರಡು ಸುತ್ತು ಓಡಿದೆ. ಟೋಕಿಯೋದಲ್ಲಿ ಗಿರಾಕಿಗಳು ಎರಡು ನಿಮಿಷದಲ್ಲಿ "ಆಯ್ತು" ಅಂದು, ಮೂರನೆಯ ದಿನ ಮರೆಯುತ್ತಿದ್ದರು. ಯೋಚನೆ ಮಾಡಿಡುತ್ತೇನೆ ಎಂದವರು ನೀವೇ ಮೊದಲು. ಪೀಪಾಯಿಯಲ್ಲಿ ಗಡ್ಡೆ ಇಡುವ ಹಾಗೆ ಯೋಚನೆಯನ್ನೂ ಇಡುತ್ತೀರಲ್ಲ, ಅದು ಹುಳಿ ಹಿಡಿಯುವ ತನಕ ಕಾಯಲು ನಾನು ತಯಾರು.

ಕಾಯುತ್ತಾ ಸುಮ್ಮನಿರಲು ಆಗುವುದಿಲ್ಲ. ತೋಚಿದ್ದನ್ನು ಬರೆಯುತ್ತೇನೆ, ಬೇಡವೆನಿಸಿದರೆ ಒಲೆಗೆ ಹಾಕಿ.

ಎಲ್ಲರಿಗೂ ಹಿಡಿಸುವ ರುಚಿ ಯಾರಿಗೂ ನೆನಪಿರುವುದಿಲ್ಲ. ಹುಳಿ ಕಡಿಮೆ ಮಾಡಿ ಎಂದು ಯಾರಾದರೂ ಹೇಳಿದರೆ ಅವರನ್ನು ಮರ್ಯಾದೆಯಿಂದ ಬಾಗಿಲ ತನಕ ಬಿಟ್ಟು ಬನ್ನಿ. ತಪ್ಪು ಗಿರಾಕಿಯನ್ನು ನೋಯಿಸದೆ ಸಾಗಹಾಕುವುದು ಮಾರಾಟದ ಅರ್ಧ ವಿದ್ಯೆ.

ಇನ್ನೊಂದು. ಜೋರಾಗಿ ಕೂಗಿದವನ ಕಡೆ ಜನ ಒಂದು ಸಲ ತಿರುಗುತ್ತಾರೆ. ತಮ್ಮ ಹೆಸರು ಹಿಡಿದು ಮೆಲ್ಲಗೆ ಕರೆದವನ ಹಿಂದೆ ಎದ್ದು ಹೋಗುತ್ತಾರೆ. ನಿಮ್ಮ ಸುಗುಕಿ ಯಾರ ಹೆಸರು ಹಿಡಿದು ಕರೆಯಬೇಕು? ಅದನ್ನು ನಿಮ್ಮ ಮನೆಯನ್ನು ಕಣ್ಣಾರೆ ನೋಡದೆ ಹೇಳಲಾರೆ.

ಆದ್ದರಿಂದ ನೀವು ಕರೆದ ಹಾಗೆಯೇ ಬರುತ್ತಿದ್ದೇನೆ. ಏಪ್ರಿಲ್ ಎರಡು, ಮಧ್ಯಾಹ್ನ. ಅಮ್ಮ ಸೇಬು ಕಟ್ಟಿಕೊಡುತ್ತಾಳೆ, ಬೇಡವೆನ್ನಬೇಡಿ, ಅವಳಿಗೆ ಸಿಟ್ಟು ಬರುತ್ತದೆ.

ಯೋಹೆ


ಕಮಿಗಾಮೊ
೧೫ ಏಪ್ರಿಲ್

ಕಸಾಯ್ ಸಾನ್ ಅವರ ಸನ್ನಿಧಿಗೆ,

ಚೆರ್ರಿ ಹೂವಿನ ಗಡಿಬಿಡಿ ಮುಗಿದು ಊರು ಉಸಿರು ಬಿಡುತ್ತಿದೆ. ಎಳೆ ಎಲೆಗಳು ಹೂವಿಗಿಂತ ಚಂದ ಎಂದು ವಯಸ್ಸಾದ ಮೇಲೆ ಅನ್ನಿಸತೊಡಗಿದೆ.

ಅಷ್ಟು ದೂರದಿಂದ ನಿಜವಾಗಿಯೂ ಬಂದಿರಿ. ಸರಿಯಾದ ಆತಿಥ್ಯ ಮಾಡಲಾಗಲಿಲ್ಲ, ಕ್ಷಮಿಸಿ. ತಮ್ಮ ಕೈಗಡಿಯಾರ ಚೆನ್ನಾಗಿದೆ ಎಂದು ನಾನಂದಾಗ ತಾವು ಹೇಳಿದ ಅದರ ಕಥೆ, ಹಿಮ ತೆಗೆಯುವ ರೈಲು ಓಡಿಸುತ್ತಿದ್ದ ತಮ್ಮ ತಂದೆಯವರ ವಿಚಾರ, ಇಂದಿಗೂ ಕಿವಿಯಲ್ಲಿದೆ. ಸೇಬನ್ನು ಬೀದಿಗೆಲ್ಲ ಹಂಚಿದೆವು. ತಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ತಮ್ಮ ಸಲಹೆಗಳೆಲ್ಲ ಬೆಲೆಯುಳ್ಳವು. ಆದರೆ ನಮ್ಮದು ಹುಳಿ ಪದಾರ್ಥ. ಎಲ್ಲರ ನಾಲಿಗೆಗೂ ಒಗ್ಗದು. ಒಗ್ಗದವರನ್ನು ಒಪ್ಪಿಸುವ ವಯಸ್ಸೂ ನನ್ನದಲ್ಲ. ತಿಳಿದವರು ತಿನ್ನುತ್ತಾರೆ, ಉಳಿದವರು ಉಳಿಯುತ್ತಾರೆ. ಪೀಪಾಯಿಗಳಿಗೂ ಈಚೆಗೆ ವಿಶ್ರಾಂತಿ ಬೇಕೆನಿಸಿದಂತಿದೆ. ತಮ್ಮಂಥವರ ಪ್ರತಿಭೆಗೆ ಇನ್ನೂ ದೊಡ್ಡ ಜಾಗ ಕಾದಿರುತ್ತದೆಂದು ನನಗೆ ಬಲವಾದ ನಂಬಿಕೆ.

ಉಮೆತ್ಸು ಕಿನುಯೊ


ಹಿರೊಸಾಕಿ
೧೮ ಮೇ

ಉಮೆತ್ಸು ಸಾನ್,

ಇಪ್ಪತ್ತು ವರ್ಷ ಸಾಲು ಬರೆದ ನನಗೆ ನೀವು ಒಂದೇ ಪತ್ರದಲ್ಲಿ ಕಲಿಸಿಬಿಟ್ಟಿರಿ. "ನಮ್ಮದು ಹುಳಿ ಪದಾರ್ಥ. ಎಲ್ಲರ ನಾಲಿಗೆಗೂ ಒಗ್ಗದು. ತಿಳಿದವರು ತಿನ್ನುತ್ತಾರೆ, ಉಳಿದವರು ಉಳಿಯುತ್ತಾರೆ." ಇದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ನನ್ನ ಜನ್ಮದಲ್ಲಿ ಬರೆದಿಲ್ಲ. ನಡುವಿನ ನಿಮ್ಮ ವಯಸ್ಸಿನ ಸಾಲೊಂದನ್ನು ಬಿಟ್ಟು, ಒಂದಕ್ಷರ ಬದಲಿಸದೆ ಅಚ್ಚು ಹಾಕಿಸಿದ್ದೇನೆ. ಕಾಗದ ನಮ್ಮೂರಿನದು, ಅಚ್ಚಿನವನು ನನ್ನ ಜೊತೆ ಓದಿದವನು. ಈ ಪತ್ರದ ಜೊತೆ ಒಂದು ಕಟ್ಟು ಚೀಟಿ ಕಳಿಸಿದ್ದೇನೆ. ಪ್ರತಿ ಪೊಟ್ಟಣಕ್ಕೆ ಒಂದು ಹಾಕಿ.

ನಿಮ್ಮ ಒತ್ತುವ ಮನೆ ಕಣ್ಣಿಗೆ ಕಟ್ಟಿದೆ. ಮೂರಾಳುದ್ದದ ಸನ್ನೆಗೋಲುಗಳು! ಒಂದು ತುದಿ ಗೋಡೆಯ ತೊಲೆಗೆ ಸಿಕ್ಕಿಸಿ, ನಡುವೆ ಪೀಪಾಯಿ ಇಟ್ಟು, ಇನ್ನೊಂದು ತುದಿಗೆ ಜೋತುಬಿದ್ದು ಕಲ್ಲು ಕಟ್ಟುತ್ತಾರೆಂದು ತೊಕುಜೊ ಸಾನ್ ಕೈಸನ್ನೆಯಲ್ಲೇ ತೋರಿಸಿದರು. ಎಲ್ಲ ಗೋಲುಗಳನ್ನೂ ಒಣಹುಲ್ಲಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಟ್ಟಿದ್ದೀರಿ. ಎಂಥ ಒಪ್ಪ! ತೊಕುಜೊ ಸಾನ್ ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿಕೊಂಡು ಹೂಕುಂಡಕ್ಕೆ ನೀರು ಹಾಕುತ್ತಾ ಕೂತಿದ್ದರು. ಅಷ್ಟು ನೆಮ್ಮದಿಯ ಮನುಷ್ಯನನ್ನು ನಾನು ಟೋಕಿಯೋದಲ್ಲಿ ಒಬ್ಬನನ್ನೂ ನೋಡಿಲ್ಲ.

ಒಂದು ಮಾತು. ಅರ್ಥವುಳ್ಳ ಕೆಲಸ ಅಂದರೆ ಏನೆಂದು ಹಿಂದೆ ಸಭೆಗಳಲ್ಲಿ ಗಂಟೆಗಟ್ಟಲೆ ಕೊರೆಯುತ್ತಿದ್ದೆವು. ಈಗ ನನಗನ್ನಿಸುವುದು ಇಷ್ಟು: ನೀನು ಬರದಿದ್ದರೆ ಯಾರಾದರೂ ಬಾಗಿಲ ಕಡೆ ನೋಡುತ್ತಾರಾ? ನೋಡಿದರೆ ಅದು ಕೆಲಸ. ನಿಮ್ಮ ಪತ್ರಕ್ಕೆ ನಾನು ದಿನವೂ ಬಾಗಿಲ ಕಡೆ ನೋಡುತ್ತೇನೆ.

ಯೋಹೆ


ಕಮಿಗಾಮೊ
೧೦ ಜೂನ್

ಕಸಾಯ್ ಸಾನ್ ಅವರ ಸನ್ನಿಧಿಗೆ,

ಮಳೆಗಾಲ ಹಿಡಿದಿದೆ. ಅಂಗಳದ ಪಾಚಿಗೆ ಮಾತ್ರ ಸಂಭ್ರಮ.

ಚೀಟಿಗಳು ತಲುಪಿದವು. ನಮ್ಮ ಮನೆಗೆ ತೀರಾ ಮೀರಿದ ಅಂದ. ಬಳಸಿ ಹಾಳುಮಾಡಲು ಮನಸ್ಸಾಗದೆ ಜೋಪಾನವಾಗಿ ಎತ್ತಿಟ್ಟಿದ್ದೇನೆ. ಸೇಬಿನ ತೋಟಗಳಲ್ಲಿ ಈಗ ಬಿಡುವಿಲ್ಲದ ಕಾಲವಂತೆ. ಇಂಥ ಹೊತ್ತಿನಲ್ಲಿ ತಮ್ಮ ಸಮಯವನ್ನು ನಾವು ತೆಗೆದುಕೊಳ್ಳುತ್ತಿದ್ದೇವಲ್ಲ ಎಂದು ಸಂಕೋಚವಾಗುತ್ತದೆ.

ಉಮೆತ್ಸು ಕಿನುಯೊ


ಹಿರೊಸಾಕಿ
೨ ಜುಲೈ

ಉಮೆತ್ಸು ಸಾನ್,

ಸಂಕೋಚ ಬೇಡ. ನನ್ನ ಸಮಯವೆಲ್ಲ ಇನ್ನು ನಿಮ್ಮದೇ.

ಚೀಟಿಯನ್ನು ಎತ್ತಿಟ್ಟಿದ್ದೀರಿ ಎಂಬ ಸಾಲನ್ನು ಮೂರು ಸಲ ಓದಿದೆ. ನಾನು ಬರೆದದ್ದನ್ನು ಜನ ಓದಿ ಬಿಸಾಡುತ್ತಿದ್ದರು, ಎತ್ತಿಟ್ಟವರನ್ನು ನೋಡಿರಲಿಲ್ಲ. ಅವತ್ತೇ ಸಂಜೆ ಟೋಕಿಯೋಗೆ ಬರೆದುಹಾಕಿದೆ, ಕುರ್ಚಿ ಬೇರೆಯವರಿಗೆ ಕೊಡಿ, ನನಗೆ ಕೆಲಸ ಸಿಕ್ಕಿದೆ ಎಂದು. ಅಮ್ಮ ಕೇಳಿದಳು, "ಆಕಿ ಹೂಂ ಅಂದಾಳೇನು?" "ಎತ್ತಿಟ್ಟಿದ್ದಾರಮ್ಮಾ" ಅಂದೆ.

ಈ ಚಳಿಗಾಲದ ಸುಗುಕಿಗೆ ಏನೇನು ಮಾಡಬೇಕೆಂದು ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.

ಯೋಹೆ


ಹಿರೊಸಾಕಿ
೩೦ ಜುಲೈ

ಉಮೆತ್ಸು ಸಾನ್ ಅವರಿಗೆ,

ಈ ಪತ್ರ ಕ್ಷಮೆ ಕೇಳಲು.

ನಿಮ್ಮ ಉತ್ತರ ಬರದೆ ನಾಲ್ಕು ವಾರ ಆಯಿತು. ನಿನ್ನೆ ಸೊನೊಬೆ ಸಾನ್ ನಮ್ಮ ಮನೆಗೆ ಬಂದಾಗ, ಜಂಬ ಕೊಚ್ಚಲು ನಿಮ್ಮ ಪತ್ರಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ಮೊದಲನೆಯದನ್ನು ಓದಿ ನನ್ನ ಮುಖ ನೋಡಿದರು. ಎರಡನೆಯದಕ್ಕೆ ತುಟಿ ಕಚ್ಚಿಕೊಂಡರು. ಮೂರನೆಯದನ್ನು ಮಡಚಿ ಕೆಳಗಿಟ್ಟರು.

"ಕಸಾಯ್ ಸಾನ್, ಇದರಲ್ಲಿ ನಿಮಗೆ ಏನ್ ಅರ್ಥ ಆಯ್ತು?"

"ಯೋಚನೆ ಮಾಡಿಟ್ಟಿರ್ತೀನಿ ಅಂದಿದ್ದಾರಲ್ಲ."

"ಅದು ಆಗಲ್ಲ ಅಂತ."

"ಖಂಡಿತ ಬನ್ನಿ ಅಂತಾನೂ ಬರೆದಿದ್ದಾರೆ!"

"ಬರೋದೇನೂ ಬೇಡ ಅಂತ."

"ಗಡಿಯಾರ ಚೆನ್ನಾಗಿದೆ ಅಂದ್ರು."

"ಹೊತ್ತಾಯ್ತು, ಏಳಿ ಅಂತ. ಅಯ್ಯೋ ದೇವರೇ, ನೀವೇನ್ ಮಾಡಿದ್ರಿ?"

"ಅದರ ಕಥೆ ಹೇಳಿದೆ."

"ಪೂರ್ತಿನಾ?"

ನಾನು ಗಡಿಯಾರವನ್ನು ತೋಳಿನೊಳಗೆ ಸರಿಸಿಕೊಂಡೆ. ಸೊನೊಬೆ ಸಾನ್ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಅಡುಗೆಮನೆಯಿಂದ ಅಮ್ಮ ಎದ್ದು ಬಂದಳು. "ಅಂದ್ರ ಆ ಹೆಣ್ಣುಮಗಳು ಚಳಿಗಾಲದಿಂದ ಬ್ಯಾಡ ಬ್ಯಾಡ ಅನ್ನಾಕತ್ತಾಳ, ಈ ನನ್ನ ಮಗ ಹೂಂ ಹೂಂ ಅಂತ ಕುಣಿಯಾಕತ್ತಾನ?" ಅಂದಳು.

ತಪ್ಪು ಗಿರಾಕಿಯನ್ನು ನೋಯಿಸದೆ ಸಾಗಹಾಕುವುದು ಅರ್ಧ ವಿದ್ಯೆ ಎಂದು ನಿಮಗೇ ಪಾಠ ಬರೆದಿದ್ದೆ. ನೀವು ಅದನ್ನು ನನ್ನ ಮೇಲೆಯೇ ಅಷ್ಟು ನಾಜೂಕಾಗಿ ಮಾಡುತ್ತಿದ್ದಿರಿ, ನನಗೆ ಗೊತ್ತೇ ಆಗಲಿಲ್ಲ. ಮಾತು ಮಾರಿ ಬದುಕಿದವನಿಗೆ ಮಾತು ತಿಳಿಯಲಿಲ್ಲ ಅಂದರೆ ನಾಚಿಕೆಯಾಗುತ್ತದೆ. ಕರೆಯದೆ ಬಂದೆ, ಹೇಳದೆ ಅಚ್ಚು ಹಾಕಿಸಿದೆ, ನಿಮ್ಮ ತೊಕುಜೊ ಸಾನ್ ಎದುರೇ ಅಟ್ಟ ಹತ್ತಿ ಇಳಿದೆ. ಮನ್ನಿಸಿ.

ಕುರ್ಚಿಯ ವಿಚಾರ ನಿಮಗೆ ಸಂಬಂಧಿಸಿದ್ದಲ್ಲ. ಅದು ನನ್ನ ಅವಸರ. ಸೇಬಿನ ಕೊಯ್ಲಿಗೆ ಆಳು ಬೇಕೆನ್ನುತ್ತಿದ್ದಾರೆ, ಹೋಗುತ್ತೇನೆ.

ಎದ್ದು ಹೊರಟ ಸೊನೊಬೆ ಸಾನ್‌ರನ್ನು ಬಾಗಿಲಲ್ಲಿ ಒಂದು ಮಾತು ಕೇಳಿದೆ. "ನಿಮ್ಮೂರಲ್ಲಿ ನಿಜವಾಗಿ ಬನ್ನಿ ಅನ್ನೋದು ಹೇಗೆ?" "ನಿಜವಾಗ್ಲೂ ಕರೆಯೋರು ದಿನ ಹೇಳ್ತಾರೆ, ಗಂಟೆ ಹೇಳ್ತಾರೆ" ಅಂದರು.

ಇನ್ನು ಬರೆದು ನಿಮಗೆ ತೊಂದರೆ ಕೊಡುವುದಿಲ್ಲ.

ಕಸಾಯ್ ಯೋಹೆ


ಕಮಿಗಾಮೊ
೨೦ ಆಗಸ್ಟ್

ಕಸಾಯ್ ಸಾನ್,

ಹವೆಯ ವಿಚಾರ ಈ ಸಲ ಬರೆಯುವುದಿಲ್ಲ.

ನಿಮ್ಮ ಪತ್ರ ಬಂದ ದಿನ ನನಗೆ ಸಿಟ್ಟು ಬಂತು. ಬೇಡವೆಂದು ಅಷ್ಟು ಸಲ ಹೇಳಿದ ಮೇಲೂ ತಿಳಿಯದ ಮನುಷ್ಯ, ಈಗ ತಿಳಿದ ಮೇಲೆ ನನ್ನನ್ನೇ ಕಟುಕಿಯ ಹಾಗೆ ಮಾಡಿಬಿಟ್ಟನಲ್ಲ ಎಂದು. ತೊಕುಜೊನ ಮುಂದೆ ಪತ್ರ ಎಸೆದೆ. ಅವನು ಓದಿ, ಮಡಚಿ ಲಕೋಟೆಗೆ ಹಾಕಿದ.

"ಅಕ್ಕಾ, ಆ ಕುರ್ಚಿ ನಿಜವಾಗ್ಲೂ ಬಿಟ್ಟುಬಿಟ್ನಾ?"

"ಬಿಟ್ಟನಂತೆ. ನಾನೇನ್ ಬಿಡು ಅಂದ್ನಾ?"

"ಬಿಡಬೇಡ ಅಂತಾನೂ ಅನ್ಲಿಲ್ಲ. ನಿನ್ನ ಮರ್ಯಾದೆ ಒಬ್ಬನ ಅನ್ನಕ್ಕೆ ಕಲ್ಲು ಹಾಕ್ತಲ್ಲ."

ನಾನು ಎದ್ದು ಹಿತ್ತಲಿಗೆ ಹೋದೆ. ಅವನು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಲ್ಲಿ ಕೂರಲು ಆಗಲಿಲ್ಲ. ಬೋನ್ ಹಬ್ಬಕ್ಕೆ ಮನೆಗೆ ಬಂದ, ತೀರಿಕೊಂಡ ಹಿರಿಯರ ಆತ್ಮಗಳನ್ನು ಬೀಳ್ಕೊಡುವ ಬೆಂಕಿ ಹಚ್ಚಿ ಕಳಿಸಿಕೊಟ್ಟು ಬಂದು, ಈಗ ಬರೆಯುತ್ತಿದ್ದೇನೆ. ಅವರ ಎದುರು ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಹೋದ ಚಳಿಗಾಲದ ಸುಗುಕಿಯೇ ಈ ಮನೆಯ ಕೊನೆಯದು. ನೀವು ತಿಂದದ್ದು ಅದನ್ನೇ. ನೆರೆಯವರಿಗೂ ಹೇಳಿಲ್ಲ. ಗೋಲುಗಳಿಗೆ ಹುಲ್ಲು ಸುತ್ತಿ ಅಟ್ಟಕ್ಕೆ ಹಾಕಿದ್ದು ಒಪ್ಪಕ್ಕಲ್ಲ, ಇನ್ನು ಇಳಿಸುವುದಿಲ್ಲವೆಂದು. ತೊಕುಜೊ ಹೂಕುಂಡಕ್ಕೆ ನೀರು ಹಾಕುತ್ತಾ ಕೂತಿದ್ದು ನೆಮ್ಮದಿಗಲ್ಲ. ಜನವರಿಯಲ್ಲಿ ಗೋಲು ಎಳೆಯುವಾಗ ಸೊಂಟ ಉಳುಕಿತು. ಇನ್ನೊಂದು ಸಲ ಜೋತುಬಿದ್ದರೆ ನಡೆಯುವುದೂ ಕಷ್ಟ ಎಂದಿದ್ದಾರೆ ಡಾಕ್ಟರು. ನಾನು ಜೋತುಬಿದ್ದರೆ ಗೋಲು ಅಲ್ಲಾಡುವುದೂ ಇಲ್ಲ, ಕಾಗೆ ಕೂತ ಹಾಗೆ.

ನೀವು ಬರೆದದ್ದೆಲ್ಲ ಕೊಳ್ಳುವವರ ಬಗ್ಗೆ. ಕೊಳ್ಳುವವರು ನನಗೆ ಇದ್ದಾರೆ, ಕಸಾಯ್ ಸಾನ್. ಡಿಸೆಂಬರ್ ಬಂದರೆ ಬಾಗಿಲ ಮುಂದೆ ನಿಲ್ಲುತ್ತಾರೆ. ನನ್ನ ಕಷ್ಟ ಮಾರುವುದಲ್ಲ, ಒತ್ತುವುದು. ಅಷ್ಟು ಪುಟ ಬರೆದಿರಿ, ನಿಮಗೆ ಏನು ಬೇಕು ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ಹವೆಯ ವಿಚಾರ ಹೇಳುತ್ತಿದ್ದೆ.

ಸೆಪ್ಟೆಂಬರ್ ಮೊದಲ ವಾರ ದಾಟಿದರೆ ಬೀಜ ಬಿತ್ತಿ ಪ್ರಯೋಜನವಿಲ್ಲ. ಬೀಜ ನಮ್ಮ ಮನೆಯದೇ, ನನ್ನ ಅತ್ತೆಯ ಅತ್ತೆ ಇಟ್ಟುಕೊಂಡು ಬಂದದ್ದು. ಒಂದು ವರ್ಷ ಬಿತ್ತದಿದ್ದರೆ ಸಾಯುವುದಿಲ್ಲ. ನಾನು ಬಿತ್ತದೆ ಬಿಟ್ಟರೆ ಮತ್ತೆ ಬಿತ್ತುವುದಿಲ್ಲ, ಅದು ನನಗೆ ಗೊತ್ತು.

ಇನ್ನೊಂದು ಮಾತು ನಿಮಗೆ ಸಲ್ಲಬೇಕು. ನಿಮ್ಮ ಗಡಿಯಾರ ಮೊದಲು ಅಷ್ಟೇನೂ ಚೆನ್ನಾಗಿ ಕಾಣಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ನಿಜವಾಗಿಯೂ ಚೆನ್ನಾಗಿತ್ತು.

ಕಿನುಯೊ


ಹಿರೊಸಾಕಿ
೨೪ ಆಗಸ್ಟ್

ಉಮೆತ್ಸು ಸಾನ್,

ಬಿತ್ತಿ. ಉಳಿದದ್ದನ್ನು ಆಮೇಲೆ ಓದಿ.

ಇಪ್ಪತ್ತು ವರ್ಷದಿಂದ ಕೊಳ್ಳುವವನ ಮುಖ ಬಿಟ್ಟು ಬೇರೆ ಮುಖವನ್ನೇ ನಾನು ನೋಡಿರಲಿಲ್ಲ. ಗಿರಾಕಿ ಏನು ಬಯಸುತ್ತಾನೆ ಎಂದು ಕೇಳುವುದು ಅಭ್ಯಾಸವಾಗಿ, ಎದುರಿಗೆ ಕೂತು ಚಹಾ ಕೊಟ್ಟವರನ್ನು ಕೇಳಲು ಮರೆತೆ. ತೊಕುಜೊ ಸಾನ್ ಸೊಂಟದ ಪಟ್ಟಿಯನ್ನು ನೋಡಿ ನೆಮ್ಮದಿ ಎಂದು ಬರೆದೆನಲ್ಲ! ಅಮ್ಮನಿಗೆ ಅದನ್ನು ಓದಿ ಹೇಳಿದೆ. "ಕಣ್ಣ ಅದಾವ, ನೋಡಾಕ ಬರೂದಿಲ್ಲ ನಿನಗ" ಅಂದಳು.

ನಿಮ್ಮ ಪತ್ರದಲ್ಲಿ ಒಂದು ಮಾತಿದೆ, ನೀವು ಜೋತುಬಿದ್ದರೆ ಕಾಗೆ ಕೂತ ಹಾಗೆ ಎಂದು. ಹಾಗಾದರೆ ನಿಮಗೆ ಬೇಕಾದದ್ದು ಕುಶಲಕರ್ಮಿಗಳಲ್ಲ. ಉಪ್ಪು ಎಷ್ಟು, ಯಾವಾಗ ನಿಲ್ಲಿಸಬೇಕು ಎಂದು ನಿಮಗೆ ಗೊತ್ತು. ನಿಮಗೆ ಬೇಕಾಗಿರುವುದು ಬರೀ ತೂಕ. ಪ್ರಪಂಚದಲ್ಲಿ ಬೇಡದವರಿಗೂ ಸುಮ್ಮನೆ ಸಿಕ್ಕುವ ವಸ್ತು ಅದೊಂದೇ. ನಿಮ್ಮ ಊರಿನಲ್ಲಿ ಅದು ಎಲ್ಲಿ ಇದೆ ಎಂದು ಯೋಚಿಸಿದೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ಇದೆ! ಬಟ್ಟೆ ಬಿಚ್ಚುವ ಕೋಣೆಯ ತೂಕದ ಯಂತ್ರದ ಮೇಲೆ ಹತ್ತಿ, ಮುಳ್ಳು ನೋಡಿ, ಜನ ನಿಟ್ಟುಸಿರು ಬಿಡುತ್ತಾರಲ್ಲ, ಆ ಜಾಗದಲ್ಲಿ. ಆ ಯಂತ್ರದ ಎದುರಿನ ಗೋಡೆಗೆ ಈ ಕೆಳಗಿನದನ್ನು ಅಂಟಿಸಿ. ಎರಡೇ ಪ್ರತಿ ಸಾಕು, ಗಂಡಸರ ಕಡೆ ಒಂದು, ಹೆಂಗಸರ ಕಡೆ ಒಂದು.

"ಭಾರ ಬೇಕಾಗಿದೆ.
ಸುಗುಕಿ ಒತ್ತುವ ಸನ್ನೆಗೋಲಿನ ತುದಿಗೆ ಜೋತುಬೀಳಲು. ಚಳಿಗಾಲ ಪೂರ್ತಿ, ಬೆಳಿಗ್ಗೆ ಸ್ವಲ್ಪ ಹೊತ್ತು.
ಅನುಭವ ಬೇಡ. ತೂಕ ಹೆಚ್ಚಿದ್ದಷ್ಟೂ ಮರ್ಯಾದೆ ಹೆಚ್ಚು.
ಕೆಲಸ ಮುಗಿದ ಮೇಲೆ ಬಿಸಿ ಅನ್ನ, ಮಿಸೊ ಸಾರು, ನೀವೇ ಒತ್ತಿದ ಸುಗುಕಿ. ಹುಳಿ ಇರುತ್ತದೆ.
ಉಮೆತ್ಸು ಮನೆ"

ಇದರಲ್ಲಿ ಚಂದದ ಮಾತು ಒಂದೂ ಇಲ್ಲ. ಹೊಗಳಿಕೆ ಇಲ್ಲ. ನನ್ನ ಹಳೆಯ ಕಂಪನಿಯಲ್ಲಿ ಇದನ್ನು ತೋರಿಸಿದ್ದರೆ ಹೊರಗೆ ಹಾಕುತ್ತಿದ್ದರು. ಆದರೆ ಇದು ಒಬ್ಬ ಮನುಷ್ಯನಿಗೆ ನೀನು ಇರುವ ಹಾಗೆಯೇ ಬಾ ಎನ್ನುತ್ತದೆ. ಹಾಗೆ ಕರೆದವರು ಯಾರಿದ್ದಾರೆ ಹೇಳಿ.

ನಿಮ್ಮ ಊರಿನ ಮರ್ಯಾದೆಗೆ ಇದು ಒಗ್ಗದಿದ್ದರೆ ಅಂಟಿಸಬೇಡಿ. ಆದರೆ "ಯೋಚನೆ ಮಾಡಿಟ್ಟಿರುತ್ತೇನೆ" ಎಂದು ಮಾತ್ರ ಬರೆಯಬೇಡಿ, ನನಗೆ ಈಗ ಅರ್ಥವಾಗುತ್ತದೆ.

ನನ್ನ ತೂಕ ತೊಂಬತ್ತಾರು ಕಿಲೊ. ಇದು ಜಾಹೀರಾತಲ್ಲ, ಸುಮ್ಮನೆ ತಿಳಿಸಿದೆ.

ಯೋಹೆ


ಕಮಿಗಾಮೊ
೧೯ ಅಕ್ಟೋಬರ್

ಕಸಾಯ್ ಸಾನ್,

ಬಿತ್ತಿದೆ. ನಿಮ್ಮ ಪತ್ರ ಓದಿ ಮುಗಿಸುವ ಮೊದಲೇ ಬಿತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಪೂರ್ತಿ ಓದಿ, ಎರಡು ದಿನ ಮುಖ ಗಂ‌ಟುಹಾಕಿಕೊಂಡಿದ್ದು, ಆಮೇಲೆ ಬಿತ್ತಿದೆ. ಗಡ್ಡೆಗಳು ಈಗ ಮುಷ್ಟಿಯಷ್ಟಾಗಿವೆ.

ಚೀಟಿ ಅಂಟಿಸಲು ಒಂದು ತಿಂಗಳು ಹಿಡಿಯಿತು. ನಮ್ಮ ಬೀದಿಯಲ್ಲಿ "ಬೇಕಾಗಿದೆ" ಎಂದು ಗೋಡೆಗೆ ಬರೆಯುವುದೆಂದರೆ ಬೆತ್ತಲೆ ನಿಂತ ಹಾಗೆ. ತೊಕುಜೊ ಅಂದ, "ಅಕ್ಕಾ, ಅಲ್ಲಿ ಎಲ್ರೂ ಬೆತ್ತಲೇನೇ ನಿಂತಿರ್ತಾರೆ, ನೀನೊಬ್ಳೇನಾ?" ಅವನೇ ಹೋಗಿ ಅಂಟಿಸಿ ಬಂದ. ನಾನು ಒಂದು ವಾರ ಸ್ನಾನದ ಮನೆಯ ಕಡೆ ತಲೆ ಹಾಕಲಿಲ್ಲ.

ಮೊದಲು ಬಂದವಳು ಅಕ್ಕಿ ಅಂಗಡಿಯ ತಮಾಎ. ಬಾಗಿಲಲ್ಲಿ ನಿಂತು ಒಂದು ಮಾತೂ ಸುತ್ತಿ ಬಳಸದೆ, "ಎಂಬತ್ತೊಂದು ಕಿಲೊ ಇದೀನಿ. ನಡೆಯುತ್ತಾ?" ಅಂದಳು. ನಾನು ಅವಳ ಜೊತೆ ನಲವತ್ತು ವರ್ಷದಿಂದ ಮಾತಾಡುತ್ತಿದ್ದೇನೆ, ಅವಳು ತನ್ನ ಬಗ್ಗೆ ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. "ಆ ಯಂತ್ರ ಯಾವಾಗ್ಲೂ ನನ್ನ ಬೈತಿತ್ತು ಉಮೆತ್ಸು ಸಾನ್. ಈ ಸಲ ಕೆಲಸ ಕೊಟ್ಟಿದೆ" ಎಂದು ನಕ್ಕಳು. ನನಗೆ ನಗಲು ಆಗಲಿಲ್ಲ, ಅವಳ ಕೈ ಹಿಡಿದುಕೊಂಡೆ. ಆಮೇಲೆ ನಿವೃತ್ತ ಬಸ್ ಚಾಲಕರೊಬ್ಬರು ಬಂದರು, ಕೂತು ಕೂತು ಬೆಳೆದ ಹೊಟ್ಟೆಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ಎನ್ನುತ್ತಾ. ಜೂಡೊ ಕಲಿಸುವ ಹೆಂಗಸೊಬ್ಬಳು ಬಂದಳು. ಹೋದ ಭಾನುವಾರ ಎಲ್ಲರೂ ಸೇರಿ ಅಟ್ಟದಿಂದ ಗೋಲುಗಳನ್ನು ಇಳಿಸಿ ಹುಲ್ಲು ಬಿಚ್ಚಿದರು. ತೊಕುಜೊ ಕುರ್ಚಿಯಲ್ಲಿ ಕೂತು ಬೈಯುತ್ತಾ ಕಲಿಸಿದ. ಅವನು ಅಷ್ಟು ಜೋರಾಗಿ ಬೈದದ್ದು ಕೇಳಿ ಬಹಳ ದಿನವಾಗಿತ್ತು.

ನಮ್ಮ ಊರಿನವರು ಸನ್ನೆಯಲ್ಲೇ ಮಾತಾಡುತ್ತೇವೆ, ತಿಳಿಯುವವರು ತಿಳಿಯುತ್ತಾರೆ ಎಂದು. ನಲವತ್ತು ವರ್ಷದ ನೆರೆಹೊರೆಗೆ ನನ್ನ ಸನ್ನೆ ತಿಳಿದಿರಲಿಲ್ಲ, ಕಸಾಯ್ ಸಾನ್. ಸನ್ನೆ ಒಂಚೂರೂ ತಿಳಿಯದವನು ಬಂದು ಸನ್ನೆಗೋಲು ಇಳಿಸಿದ.

ಪಕ್ಕದ ಎರಡು ಮನೆಯವರಿಗೂ ಗೋಲು ಎಳೆಯಲು ಜನ ಸಾಲದಂತೆ. ಅವರೂ ಹೇಳಿಕೊಂಡಿರಲಿಲ್ಲ ನೋಡಿ! ಆ ಚೀಟಿ ಬರೆದವರು ಯಾರು, ನಮಗೂ ಬರೆದುಕೊಡುತ್ತಾರಾ ಎಂದು ಕೇಳಿದರು. ಬಹಳ ಬೇಡಿಕೆಯ ಮನುಷ್ಯ, ಕೇಳಿ ನೋಡುತ್ತೇನೆ ಎಂದಿದ್ದೇನೆ. ಬೆಲೆಯನ್ನು ನೀವು ಹೇಳಬೇಡಿ, ಸೇಬಿನ ಬುಟ್ಟಿ ಕೊಟ್ಟುಬಿಡುತ್ತೀರಿ. ನಾನು ಹೇಳುತ್ತೇನೆ.

ಎತ್ತಿಟ್ಟಿದ್ದ ಮೊದಲಿನ ಚೀಟಿಗಳನ್ನು ಈ ವರ್ಷ ಪೊಟ್ಟಣಕ್ಕೆ ಹಾಕುತ್ತೇನೆ. ನಿಮ್ಮನ್ನು ಸಾಗಹಾಕಲು ಬರೆದ ಮಾತು, ಆದರೆ ಸಾಲು ನಿಜಕ್ಕೂ ಚೆನ್ನಾಗಿದೆ.

ನವೆಂಬರ್ ೨೪, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಳೆಯ ಬಟ್ಟೆ ತನ್ನಿ.

ಕಿನುಯೊ


ಹಿರೊಸಾಕಿ
೨೭ ಅಕ್ಟೋಬರ್

ಉಮೆತ್ಸು ಕಿನುಯೊ ಸಾನ್ ಅವರ ಸನ್ನಿಧಿಗೆ,

ಇವಾಕಿ ಬೆಟ್ಟದ ನೆತ್ತಿಗೆ ಮೊದಲ ಹಿಮ ಬಿದ್ದಿದೆ. ತೋಟಗಳಲ್ಲಿ ಸೇಬು ಕೆಂಪೇರಿ, ಕೊಂಬೆಗಳು ನೆಲಕ್ಕೆ ನಮಸ್ಕರಿಸುತ್ತಿವೆ. ತಮ್ಮ ಕಡೆ ಮೇಪಲ್ ಎಲೆಗಳು ಬಣ್ಣ ತಿರುಗುವ ಹೊತ್ತೆಂದು ಊಹಿಸುತ್ತೇನೆ. ತಾವೂ ತೊಕುಜೊ ಸಾನ್ ಅವರೂ ಆರೋಗ್ಯದಿಂದಿದ್ದೀರೆಂದು ನಂಬಿದ್ದೇನೆ.

ನನ್ನಂಥವನನ್ನು ದಿನ, ಗಂಟೆ ಹೇಳಿ ಕರೆದದ್ದು ನನ್ನ ಯೋಗ್ಯತೆಗೆ ಮೀರಿದ್ದು. ತಾವು ಹೇಳಿದ ವಿಚಾರವನ್ನು ಯೋಚನೆ ಮಾಡಿಟ್ಟಿರುತ್ತೇನೆ.

ಕಸಾಯ್ ಯೋಹೆ

ಮರೆತ ಮಾತು: ಟಿಕೆಟ್ ತೆಗೆದಾಯಿತು, ಇಪ್ಪತ್ತಮೂರಕ್ಕೇ ಬಂದು ಇಳಿಯುತ್ತೇನೆ. ಸೇಬಿನ ಕೊಯ್ಲಿನಲ್ಲಿ ಎರಡು ಕಿಲೊ ಇಳಿದೆ ಎಂದು ಅಮ್ಮನಿಗೆ ಗೊತ್ತಾಗಿ ಮನೆಯಲ್ಲಿ ದೊಡ್ಡ ಗಲಾಟೆ. ದಿನಾ ಎರಡನೆಯ ಸಲ ಅನ್ನ ಬಡಿಸುತ್ತಾ ಎದುರಿಗೇ ಕೂರುತ್ತಾಳೆ. "ಉಣ್ಣಲೇ, ಉಣ್ಣು. ಅಲ್ಲಿ ಜನ ನಿನ್ನ ದಾರಿ ನೋಡಾಕತ್ತಾರ" ಎನ್ನುತ್ತಾಳೆ.